ಖಾಂಡವದಿಂದ ಕಳಸೆಯವರೆಗೆ

(ಕನ್ನಡ ಸಾಹಿತ್ಯದಲ್ಲಿ ಅಡವಿಯ ವಿಚಾರ)

ಹೋದ ಹಿಂಗಾರಿಯ ಕಾಲದಲ್ಲಿ ಸುಳ್ಳದಲ್ಲಿ ಕೆಲವರು ಸಾಹಿತ್ಯಪ್ರಿಯರು ಕೂಡಿದ್ದಾಗ, ಮಲೆನಾಡಿನ ಕಾದಂಬರಿಗಳನ್ನು ಕುರಿತು ನಾನು ಒಂದೆರಡು ಮಾತುಗಳನ್ನಾಡಬೇಕಾಯಿತು. ಮಾತು ಮುಗಿದ ಮೇಲೆ ವಯೋವೃದ್ಧರಾದ ಒಕ್ಕಲಿಗರೊಬ್ಬರು ಎದ್ದು, “ಮಾಸ್ತರ, ನಮ್ಮ ಎರೀ ಹೊಲದ ಬದುವಿನ ಮ್ಯಾಲ ಒಂದು ಬೇವಿನ ಗಿಡಾ ಉಳದಿಲ್ಲ; ನೀವು ಘಟ್ಟದ ಅಡವೀ ಕಥೀ ಹೇಳಾಕತ್ತೀರಿ. ಅದರದು ನಮಗೇನ್ರಿ?” ಎಂದು ಕೇಳಿದರು. ಸಭೆಯು ನಕ್ಕಿತು, ನಾನೂ ನಕ್ಕೆನು. ಆದರೆ ಮನೆಗೆ ಬಂದು ವಿಚಾರಿಸಲಾಗಿ, ಆ ಪ್ರಶ್ನೆಯು ನಕ್ಕು ಬಿಡತಕ್ಕುದಲ್ಲವೆಂದೂ, ನಮ್ಮ ವಿಮರ್ಶಕರು ಇದುವರೆಗೆ ಅದಕ್ಕೆ ನೆಟ್ಟಗೆ ಉತ್ತರ ಕೊಟ್ಟಿಲ್ಲವೆಂದೂ ತೋರಿತು. ಅಡವಿಯನ್ನು ಬಣ್ಣಿಸುವ ಕಾವ್ಯವನ್ನು ನಾವು ಮೆಚ್ಚುತ್ತೇವೆ. ಅಡವಿಯನ್ನು ಉಳಿಸಹೊರಟವರ ಚಳವಳಿಯ ಸುದ್ದಿಯನ್ನು ವೃತ್ತಪತ್ರಿಕೆಯಲ್ಲಿ ಓದುತ್ತೇವೆ. ಇವೆರಡಕ್ಕೂ ಸಂಬಂಧವಿರಬಹುದೆಂಬ ಶಂಕೆಯನ್ನೇ ತಾಳುವದಿಲ್ಲ. ಆ ಸಂಬಂಧವನ್ನು ಅರಸುವದೇ ಈ ಲೇಖನದ ಉದ್ದೇಶವು.

ಮೊದಲು ಹಿರಿಯರ ಪ್ರಶ್ನೆಯ ಹೊರಮೈಯನ್ನು ನೋಡೋಣ. ಬಯಲುಸೀಮೆಯ ಹಳೆಯ ಮನೆಗಳ ಮೇಲ್ಮುದ್ದೆಯನ್ನು ಹೊತ್ತು ನಿಂತಿರುವ ಕಂಬ, ತೊಲೆ, ಜಂತಿಗಳೂ, ಚಕ್ಕಡಿಯ ಗಾಲಿಗಳೂ ಬಹುಮಟ್ಟಿಗೆ ಘಟ್ಟದ ಕಡೆಯಿಂದ ಬಂದವುಗಳು. ಹುಬ್ಬಳ್ಳಿ-ಧಾರವಾಡಗಳು ಕುಡಿಯುವ ಮಲಪ್ರಭೆಯ ನೀರು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ಸಹ್ಯಾದ್ರಿಯ ಮಳೆಗಾಡಿನ ಮಡಿಲಲ್ಲಿ ಹುಟ್ಟುವದು. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟಿದ ಶಾಲ್ಮಲೆಯಾದರೋ ಪಡುವಣ ಮುಖವಾಗಿ ಹರಿದು, ಬೇಡ್ತಿಯನ್ನು ಕೂಡಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯೆಂಬ ಹೆಸರಿನಿಂದ ಸಮುದ್ರವನ್ನು ಸೇರುವಳು. ಒಂದು ನೀರು ಅಡವಿಯಿಂದ ನಮ್ಮೆಡೆಗೆ ಬರುವದು. ಇನ್ನೊಂದು ನಮ್ಮಿಂದ ಅಡವಿಗೆ ಹೋಗುವದು. ಹೀಗಿರಲು ಅಡವಿಯು ನಮಗೆ ಪರದೇಶವೆಂದು ಹೇಳುವದು ಹೇಗೆ? ಆದರೆ ಇದು ಭೂಗೋಳದ ಉತ್ತರವು. ಸಾಹಿತ್ಯದ ಉತ್ತರವನ್ನು ಸಾಹಿತ್ಯದಿಂದಲೇ ಕೊಡಬೇಕು.

ಸುದೈವದಿಂದ ನಮ್ಮ ಆದಿಕವಿಯೇ ಈ ಎರಡು ಸೀಮೆಗಳ ನಡುವಿನ ಸೇತುವೆಯಾಗಿದ್ದಾನೆ. ಪಂಪನ ತಾಯಿಯ ತವರು ನಮ್ಮ ಅಣ್ಣಿಗೇರಿ; ಎರೆಯ ನೆಲದ ಊರು. ಅವನ ಮನಸ್ಸು ನೆನೆನೆನೆದು ಹಂಬಲಿಸಿದ್ದು ಮಾತ್ರ ಬನವಾಸಿಯ ತೋಪುಗಳನ್ನು. ಸುಮಾರು 941ರಲ್ಲಿ ರಚಿತವಾದ ವಿಕ್ರಮಾರ್ಜುನ ವಿಜಯದ ಆ ಪದ್ಯಗಳನ್ನು ಅರಿಯದ ಕನ್ನಡಿಗನಿಲ್ಲ. ಆದರೆ ಅದೇ ಕಾವ್ಯದಲ್ಲಿ ಖಾಂಡವವನದಹನವೂ ಇದೆಯೆಂಬುದನ್ನು, ಬನವಾಸಿಯ ಪದ್ಯಗಳನ್ನು ಕೊಂಡಾಡುವಾಗ ನಾವು ಮರೆಯುತ್ತೇವೆ. ಹಸಿದ ಅಗ್ನಿಯು ವನವನ್ನು ಬೇಡುವನು, ಅರ್ಜುನನು ಕೊಡುವೆನೆನ್ನುವನು. ಇಂದ್ರನು ಸುರಿಸಿದ ಮಳೆಯು ನೆಲವನ್ನು ಮುಟ್ಟದಂತೆ ಬಾಣಗಳ ಚಪ್ಪರವು ಏಳುವದು. ಓಡಹೊರಟ ಪ್ರಾಣಿಗಳಿಗೆ ಹಾದಿಯಿಲ್ಲ. ಕಾವ್ಯದ ಮಟ್ಟಿಗೆ ಇದು ವೀರನ ಕೀರ್ತಿಗೆ ಒದಗಿದ ಪ್ರಸಂಗವು. ನಮ್ಮ ಹುಬ್ಬಳ್ಳಿ ತಾಲೂಕಿನ ಕೋಳಿವಾಡದ ಕುಮಾರವ್ಯಾಸನೂ ಆದಿಪರ್ವದಲ್ಲಿ ಇದನ್ನೇ ತನ್ನ ಭಾಮಿನಿಯ ಓಟದಲ್ಲಿ ಹೇಳಿದ್ದಾನೆ.

ಇಲ್ಲಿ ಸಹೃದಯರೊಬ್ಬರು ಆಕ್ಷೇಪಿಸಬಹುದು: “ಪೂರ್ವಕವಿಗಳನ್ನು ಈ ಕಾಲದ ಅರಣ್ಯ ಕಾಯಿದೆಯ ಕಟಕಟೆಯಲ್ಲಿ ನಿಲ್ಲಿಸುವದು ಉಚಿತವೇ? ಅವರ ಕಾಲದಲ್ಲಿ ಕಾಡು ಹೆಚ್ಚು, ಊರು ಕಡಿಮೆ; ಕಾಡನ್ನು ಕಡಿದವನೇ ನಾಡನ್ನು ಕಟ್ಟಿದವನು.” ಆಕ್ಷೇಪವು ನ್ಯಾಯವಾದದ್ದೇ. ಕವಿಯನ್ನು ತಪ್ಪಿತಸ್ಥನನ್ನಾಗಿ ಮಾಡುವದು ನನ್ನ ಇಚ್ಛೆಯಲ್ಲ. ಆದರೆ ಭಾರತಕಥೆಯನ್ನು ಮುಂದೆ ಓದಿದವರು ಒಂದು ಸಂಗತಿಯನ್ನು ಲಕ್ಷಿಸಬೇಕು. ಆ ಬೆಂಕಿಯಿಂದ ಜೀವಸಹಿತ ಪಾರಾದ ಮಯನು ಪಾಂಡವರಿಗೆ ಸಭೆಯನ್ನು ಕಟ್ಟಿಕೊಟ್ಟನು. ಆ ಸಭೆಯಲ್ಲಿ ದುರ್ಯೋಧನನಿಗಾದ ಅವಮಾನವು ಜೂಜಿನ ಮತ್ಸರಕ್ಕೆ ಬೀಜವಾಯಿತು. ಅದೇ ಬೆಂಕಿಯಿಂದ ಪಾರಾದ ಇನ್ನೊಂದು ಜೀವವು ಅಶ್ವಸೇನನೆಂಬ ಸರ್ಪವು. ತಾಯಿಯನ್ನು ಕಳೆದುಕೊಂಡ ಆ ಸರ್ಪವು ಕುರುಕ್ಷೇತ್ರದಲ್ಲಿ ಕರ್ಣನ ಬಾಣವನ್ನು ಹೊಕ್ಕು ಅರ್ಜುನನ ಕೊರಳಿಗೆ ಗುರಿಯಿಟ್ಟು ಬರುವದು. ಸುಟ್ಟ ಕಾಡು ಸುಮ್ಮನಾಗಲಿಲ್ಲ; ಒಂದು ಕಡೆಯಿಂದ ವೈಭವವಾಗಿಯೂ ಇನ್ನೊಂದು ಕಡೆಯಿಂದ ವಿಷವಾಗಿಯೂ ತಿರುಗಿ ಬಂದಿತು. ಈ ಎಳೆಯನ್ನು ನಮ್ಮ ಕವಿಗಳು ಕೈಬಿಡಲಿಲ್ಲವೆಂಬುದು ಅವರ ದೊಡ್ಡಸ್ತಿಕೆ. ದಹನದ ಪ್ರಸಂಗದಲ್ಲಿ ಅವರು ಅರ್ಜುನನನ್ನು ಹೊಗಳಿದರು, ನಿಜ. ಆದರೆ ಕಥೆಯು ತನ್ನ ಲೆಕ್ಕವನ್ನು ಬೇರೆಯಾಗಿ ಬರೆದಿಟ್ಟಿತು. ಆ ಲೆಕ್ಕವನ್ನು ಓದುವದು ವಿಮರ್ಶಕನ ಕೆಲಸ.

ಇನ್ನು ಹೊಸ ಸಾಹಿತ್ಯಕ್ಕೆ ಬರೋಣ. ಶಿವರಾಮ ಕಾರಂತರ ಬೆಟ್ಟದ ಜೀವವು 1943ರಲ್ಲಿ ಹೊರಬಂದಿತು. ಸುಬ್ರಹ್ಮಣ್ಯದ ಸುತ್ತಣ ದಟ್ಟಡವಿಯಲ್ಲಿ ದಾರಿ ತಪ್ಪಿದ ಶಿವರಾಮಯ್ಯನು ಗೋಪಾಲಯ್ಯನ ಮನೆಗೆ ಬರುವನು. ಆ ಮುದುಕನು ಕಾಡನ್ನು ಕಡಿದು ತೋಟ ಮಾಡಿದವನು. ಆನೆಯೊಡನೆ, ಹುಲಿಯೊಡನೆ ಹೆಣಗಿದವನು. ಮಗನು ಬಿಟ್ಟುಹೋದ ಮನೆಯಲ್ಲಿ ಹೆಂಡತಿ ಶಂಕರಮ್ಮನೊಡನೆ ನಗುನಗುತ್ತ ದುಃಖವನ್ನು ನುಂಗಿ ಬದುಕುವವನು. ಕಾಡನ್ನು ಕಡಿದವನ ಕಥೆಯೇ ಕನ್ನಡದಲ್ಲಿ ಕಾಡಿನ ಅತ್ಯಂತ ಪ್ರೀತಿಯ ಕಥೆಗಳಲ್ಲಿ ಒಂದಾಗಿರುವದು ವಿಚಿತ್ರವಾಗಿ ತೋರಬಹುದು. ಇಂದು ಅದನ್ನು ಮತ್ತೆ ಓದುವ ತರುಣರು ಕೆಲವರು ಗೋಪಾಲಯ್ಯನನ್ನು ಅರಣ್ಯನಾಶಕನೆಂದು ಕರೆಯುವದನ್ನು ಕೇಳಿದ್ದೇನೆ. ಇದು ಅವಸರದ ತೀರ್ಮಾನವು. ಗೋಪಾಲಯ್ಯನು ಕಡಿದದ್ದು ತನ್ನ ಕೈಯಿಂದ ಮತ್ತು ತನ್ನವರ ಕೈಯಿಂದ. ಕಡಿದ ಮೇಲೆ ಅಲ್ಲಿಯೇ ನೆಲೆನಿಂತನು. ಮೇಲಿನ ಬೆಟ್ಟವು ಬರಿದಾದರೆ ಕೆಳಗಿನ ತೋಟವು ಒಣಗುವದೆಂಬುದನ್ನು ಅವನಂಥವನಿಗೆ ಯಾರೂ ಕಲಿಸಬೇಕಾಗಿಲ್ಲ. ಅರ್ಜುನನೂ ಗೋಪಾಲಯ್ಯನೂ ಇಬ್ಬರೂ ಕಾಡನ್ನು ಅಳಿಸಿದವರೇ. ಆದರೆ ಒಬ್ಬನು ಜಲಕ್ರೀಡೆಗೆ ಬಂದವನು, ಬೇಡಿದವನಿಗೆ ವನವನ್ನು ಕೊಟ್ಟು ಪಟ್ಟಣಕ್ಕೆ ಹಿಂತಿರುಗಿದನು. ಇನ್ನೊಬ್ಬನು ಕಡಿದ ನೆಲಕ್ಕೆ ತನ್ನ ಆಯುಷ್ಯವನ್ನೇ ತೆತ್ತನು. ಕಾಡಿನ ಸಾಹಿತ್ಯವನ್ನು ಅಳೆಯಲು ಇದೇ ಮೊದಲನೆಯ ಅಳತೆಗೋಲಾಗಲಿ: ಕೊಡಲಿ ಹಿಡಿದವನು ನಾಳೆ ಅಲ್ಲಿಯೇ ಇರುವನೋ, ಹೊರಟು ಹೋಗುವನೋ?

ಕುವೆಂಪು ಅವರ ಮಲೆಗಳಲ್ಲಿ ಮದುಮಗಳು (1967) ಬೇರೊಂದು ಅಳತೆಯನ್ನು ಒದಗಿಸುವದು. ಅಲ್ಲಿ ಕಾಡು ಹಿನ್ನೆಲೆಯ ಪರದೆಯಲ್ಲ. ಗುತ್ತಿಯೂ ಅವನ ನಾಯಿ ಹುಲಿಯನೂ ನಡೆಯುವ ದಾರಿಯೇ ಕಥೆಯ ನರವಾಗಿದೆ. ದೊಡ್ಡ ಮನೆಯ ಗೌಡನಿಗೂ ಜೀತದಾಳಿಗೂ ಮರಕ್ಕೂ ಮೃಗಕ್ಕೂ ಒಂದೇ ಮರ್ಯಾದೆಯನ್ನು ಕೊಟ್ಟ ಕಾದಂಬರಿಯು ನಮ್ಮಲ್ಲಿ ಎರಡನೆಯದಿಲ್ಲವೆನ್ನಬಹುದು. ಆದರೂ ಆ ಕಾಡಿಗೆ ಅಪಾಯವಿದೆಯೆಂಬ ಭಾವನೆಯು ಅಲ್ಲಿ ಮುಖ್ಯವಲ್ಲ, ಅಪಾಯವೆಲ್ಲ ಮನುಷ್ಯರಿಗೇ. ಪೂರ್ಣಚಂದ್ರ ತೇಜಸ್ವಿಯವರ ಕರ್ವಾಲೊ (1980) ಇನ್ನೂ ಒಂದು ಹೆಜ್ಜೆ ಮುಂದಿಡುವದು. ಹಾರುವ ಓತಿಯನ್ನು ಅರಸಿ ವಿಜ್ಞಾನಿಯೂ, ಕೃಷಿಕನೂ, ಊರವರು ಉಪಯೋಗವಿಲ್ಲದವನೆಂದು ಎಣಿಸಿದ ಮಂದಣ್ಣನೂ ಅಡವಿಯನ್ನು ಹೊಗುವರು. ಅಡವಿಯ ವಿದ್ಯೆಯು ಮಂದಣ್ಣನಲ್ಲಿದೆಯೆಂಬುದನ್ನು ಕರ್ವಾಲೊ ಒಬ್ಬರೇ ಕಂಡವರು. ಕಡೆಗೆ ಓತಿಯು ಕೈಗೆ ಸಿಕ್ಕದೆ ಕಣಿವೆಯ ಆಳಕ್ಕೆ ತೇಲಿಹೋಗುವದು. ‘ಕಾಡನ್ನು ಕಾಪಾಡಿರಿ’ ಎಂದು ಲೇಖಕರು ಎಲ್ಲಿಯೂ ಕೈಮುಗಿಯುವದಿಲ್ಲ. ಆದರೆ ಪುಸ್ತಕವನ್ನು ಮುಚ್ಚಿದ ವಾಚಕನಿಗೆ, ಆ ಓತಿಯು ಅಲ್ಲಿಯೇ ಇರಬೇಕು, ಅದಿರಲು ಆ ಮರಗಳೂ ಇರಬೇಕು ಎಂಬ ಆಸೆಯು ತಾನಾಗಿಯೇ ಹುಟ್ಟುವದು. ಉಪದೇಶವು ಮಾಡಲಾರದ್ದನ್ನು ಕುತೂಹಲವು ಮಾಡಿತು.

ಈ ಹೊತ್ತಿಗೆ ಘಟ್ಟದ ಮೇಲೆ ಮತ್ತೊಂದು ಬಗೆಯ ಭಾಷೆಯು ಸಿದ್ಧವಾಗುತ್ತಿತ್ತು. 1983ರ ಸಪ್ಟೆಂಬರ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಹೆಂಗಸರು, ಗಂಡಸರು, ಮಕ್ಕಳು ಕೂಡಿ ಕಳಸೆಯ ಅಡವಿಗೆ ನಡೆದು ಹೋಗಿ, ಕೊಡಲಿಗೆ ಗುರಿಯಾಗಿದ್ದ ಮರಗಳನ್ನು ತಬ್ಬಿ ನಿಂತರು. ಗುರುತು ಮಾಡಿದ ಮರಗಳ ಜೊತೆಗೆ ಗುರುತಿಲ್ಲದವೂ ಉರುಳುತ್ತಿವೆಯೆಂಬುದು ಅವರ ಆಕ್ಷೇಪವಾಗಿತ್ತು. ಮೂವತ್ತೆಂಟು ದಿನಗಳ ತರುವಾಯ ಕಡಿತದ ಅಪ್ಪಣೆಯು ಹಿಂದೆ ಸರಿಯಿತು. ಪಾಂಡುರಂಗ ಹೆಗಡೆಯವರು ಮುಂದಾಳಾಗಿದ್ದ ಈ ಚಳವಳಿಗೆ, 1973ರಲ್ಲಿ ಹಿಮಾಲಯದ ಗಢವಾಲದಲ್ಲಿ ಹುಟ್ಟಿದ ಚಿಪ್ಕೊ ಚಳವಳಿಯೂ, ಸುಂದರಲಾಲ ಬಹುಗುಣರ ಮಾತೂ ಪ್ರೇರಣೆಯಾದವು. ಶಿರಸಿ ತಾಲೂಕೆಂದರೆ ಯಾವುದು? ಬನವಾಸಿಯು ಇರುವ ತಾಲೂಕು. ಪಂಪನು ಹಂಬಲಿಸಿದ ವನಸೀಮೆಯ ಮಗ್ಗುಲಲ್ಲಿಯೇ, ಒಂದು ಸಾವಿರ ವರ್ಷಗಳ ಮೇಲೆ, ಹಂಬಲವು ಕೈಗಳಿಗೆ ಇಳಿಯಿತೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಚಳವಳಿಯ ರಾಜಕಾರಣವು ಈ ಲೇಖನದ ವಿಷಯವಲ್ಲ. ಅದರ ಮಾತು ವಿಷಯ. ಹಿಂದಿಯ ‘ಚಿಪ್ಕೊ’ ಎಂದರೆ ಅಂಟಿಕೊಳ್ಳು. ನಮ್ಮವರು ಅದನ್ನು ‘ಅಂಟಿಕೊ’ ಎಂದು ಮಾಡಲಿಲ್ಲ, ‘ಅಪ್ಪಿಕೊ’ ಎಂದರು. ಅಂಟು ಎಂಬುದು ಗೋಂದಿಗೂ ಜಿಗಣೆಗೂ ಸಲ್ಲುವ ಮಾತು. ಅಪ್ಪುವದು ತಾಯಿ ಮಗುವನ್ನು, ಅಗಲಿದವರು ಅಗಲಿದವರನ್ನು. ಹಟದ ಮಾತು ಅಕ್ಕರೆಯ ಮಾತಾಯಿತು. ಇದನ್ನು ಮಾಡಿದವನು ಕವಿಯೆಂದು ಹೆಸರಾದವನಲ್ಲದಿರಬಹುದು. ಆದರೆ ಇದು ಕವಿಕಾರ್ಯವೇ ಸರಿ. ಅದರಂತೆಯೇ ‘ಉಳಿಸು, ಬೆಳೆಸು, ಬಳಸು’ ಎಂಬ ಅವರ ಘೋಷವಾಕ್ಯವನ್ನು ನೋಡಿರಿ. ಮೂರು ಕ್ರಿಯಾಪದಗಳು, ಪ್ರತಿಯೊಂದೂ ಮೂರೇ ಅಕ್ಷರ, ‘ಬೆಳೆಸು’ ಮತ್ತು ‘ಬಳಸು’ಗಳಲ್ಲಿ ವ್ಯಂಜನಗಳು ಅವೇ, ಸ್ವರಗಳು ಮಾತ್ರ ಬೇರೆ. ಪ್ರಾಸದ ಸೊಗಸು ಅಷ್ಟಕ್ಕೇ ನಿಲ್ಲಲಿಲ್ಲ. ಬಳಸುವದು ಕಡೆಯಲ್ಲಿ ಬಂದಿದೆ. ಆದರೆ ಬಂದೇ ಇದೆ. ಅಡಿಕೆಯ ತೋಟಕ್ಕೆ ಸೊಪ್ಪಿನ ಬೆಟ್ಟವನ್ನು ನೆಚ್ಚಿದ ಜನರು, ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಗಳವರೆಗೆ ಬೆಟ್ಟದ ಹಕ್ಕನ್ನು ಪಡೆದಿದ್ದ ಜನರು, ಕಾಡನ್ನು ಮುಟ್ಟದೆ ಪೂಜಿಸುತ್ತೇವೆಂದು ಸುಳ್ಳು ಹೇಳಲಿಲ್ಲ. ಮುಂದಿನ ಮಾತನ್ನು ಮೊದಲು, ಮೊದಲಿನದನ್ನು ಕಡೆಗೆ ಮಾಡಿದರೆ ಅದು ಗುತ್ತಿಗೆದಾರನ ವಾಕ್ಯವಾಗುವದು. ಅನುಕ್ರಮದಲ್ಲಿಯೇ ಅದರ ಧರ್ಮವಿದೆ.

ನಮ್ಮ ಜಿಲ್ಲೆಯೂ ಈ ಶಬ್ದಭಂಡಾರಕ್ಕೆ ತನ್ನ ಪಾಲನ್ನು ಕೊಟ್ಟಿತು. 1987ರ ನವಂಬರ 14ರಂದು ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ಸತ್ಯಾಗ್ರಹವಾಯಿತು. ಹಾನಗಲ್ಲವು ಇಂದು ಹಾವೇರಿ ಜಿಲ್ಲೆಯದಾದರೂ ಅಂದು ಧಾರವಾಡ ಜಿಲ್ಲೆಯಲ್ಲಿತ್ತು. ಊರದನ ಮೇಯುವ, ಬಡವರು ಉರವಲು ಆಯುವ ಸಾರ್ವಜನಿಕ ನೆಲವನ್ನು ಕಾರಖಾನೆಗೆ ಬೇಕಾದ ನೀಲಗಿರಿಯ ನೆಡುತೋಪಿಗಾಗಿ ಕೊಟ್ಟದ್ದನ್ನು ವಿರೋಧಿಸಿ, ರೈತರು ನೀಲಗಿರಿಯ ಸಸಿಗಳನ್ನು ಕಿತ್ತು, ಜನಕ್ಕೆ ಬೇಕಾದ ಗಿಡಗಳನ್ನು ಹಚ್ಚಿದರು. ‘ಕಿತ್ತಿಕೊ-ಹಚ್ಚಿಕೊ’ ಎಂಬುದು ಅದರ ಹೆಸರಾಯಿತು. ಧಾರವಾಡದ ಸಮಾಜ ಪರಿವರ್ತನ ಸಮುದಾಯವೂ ಎಸ್. ಆರ್. ಹಿರೇಮಠರೂ ಈ ಹೋರಾಟದ ಬೆನ್ನಿಗಿದ್ದರು. ‘ಅಪ್ಪಿಕೊ’ದ ಮಾರ್ದವವು ಇಲ್ಲಿಲ್ಲ, ಬಯಲುಸೀಮೆಯ ಹೊಲದ ಮಾತು ಇದು, ಕಳೆ ಕೀಳುವವನ ಮಾತು. ಗಿಡವೆಂದ ಮಾತ್ರಕ್ಕೆ ಎಲ್ಲವೂ ಅಡವಿಯಲ್ಲವೆಂಬ ದೊಡ್ಡ ವಿವೇಕವು ಆ ಜೋಡುಶಬ್ದದಲ್ಲಿ ಅಡಗಿದೆ. ಘಟ್ಟದವನು ಮರವನ್ನು ಅಪ್ಪಿಯೂ, ಬಯಲಿನವನು ಸಸಿಯನ್ನು ಕಿತ್ತೂ ಒಂದೇ ಧರ್ಮವನ್ನು ಪಾಲಿಸಿದರು.

ಈ ನೆಲದ ಪ್ರಶ್ನೆಯು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ ಅರ್ಜಿದಾರರಲ್ಲಿ ಮೊದಲಿಗರು ಯಾರು? ಬೆಟ್ಟದ ಜೀವವನ್ನು ಬರೆದ ಶಿವರಾಮ ಕಾರಂತರೇ. ಅವರು 1989ರಲ್ಲಿ ಎಂಬತ್ತೇಳರ ವಯಸ್ಸಿನಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತರು. ಚುನಾವಣೆಯಲ್ಲಿ ಸೋತರೂ ಇನ್ನೊಂದು ಕಡೆಯಲ್ಲಿ ಹೋರಾಟವು ಫಲಿಸಿತು: ಆ ನೆಲಗಳನ್ನು ಪಡೆದಿದ್ದ ಜಂಟಿ ಕಂಪನಿಯು 1991ರಲ್ಲಿ ಮುಚ್ಚಲ್ಪಟ್ಟಿತು. ಕಾಡನ್ನು ಕಡಿದ ಗೋಪಾಲಯ್ಯನನ್ನು ಪ್ರೀತಿಯಿಂದ ಚಿತ್ರಿಸಿದ ಕೈಯೇ ಕಾಡಿಗಾಗಿ ಅರ್ಜಿಗೆ ರುಜುಹಾಕಿದ್ದು ವಿರೋಧಾಭಾಸವೇ? ನನಗೆ ಹಾಗೆ ತೋರದು. ಕಾದಂಬರಿಕಾರನು ಒಬ್ಬನ ದುಡಿಮೆಯನ್ನು ಕಂಡನು. ಅರ್ಜಿದಾರನು ಹೊರಟುಹೋಗುವವರ ಲಾಭವನ್ನು ಕಂಡನು. ಅಳತೆಗೋಲು ಒಂದೇ.

ಬ್ರೆಜಿಲ್ ದೇಶದ ಅಮೆಜಾನ್ ಮಳೆಗಾಡಿನಲ್ಲಿಯೂ ಇದೇ ಕಥೆಯು ನಡೆಯಿತೆಂಬುದನ್ನು ಇಲ್ಲಿ ನೆನೆಯುವದು ಉಚಿತ. ರಬ್ಬರಿನ ಹಾಲನ್ನು ಇಳಿಸುವ ಕೂಲಿಕಾರನಾಗಿದ್ದ ಚಿಕೊ ಮೆಂಡೆಸನು, ಗರಗಸಗಳ ಎದುರಿಗೆ ತನ್ನವರನ್ನು ಸಾಲಾಗಿ ನಿಲ್ಲಿಸಿ ಕಾಡನ್ನು ಕಾದನು. 1988ರ ಡಿಸೆಂಬರ 22ರಂದು ತನ್ನ ಮನೆಯಲ್ಲಿಯೇ ಗುಂಡಿಗೆ ಬಲಿಯಾದನು. ಅವನೂ ಕಾಡನ್ನು ಬಳಸಿ ಬದುಕಿದವನೇ. ನೆರೆಯ ಕೇರಳದಲ್ಲಿ ಮೌನಕಣಿವೆಯ ಅಣೆಕಟ್ಟಿನ ಪ್ರಶ್ನೆಯೆದ್ದಾಗ ಸುಗತಕುಮಾರಿ ಮೊದಲಾದ ಕವಿಗಳು ಬೀದಿಗಿಳಿದರು. 1984ರಲ್ಲಿ ಆ ಕಣಿವೆಯು ರಾಷ್ಟ್ರೀಯ ಉದ್ಯಾನವಾಯಿತು. ಕವಿತೆಯು ಕಣಿವೆಯನ್ನು ಉಳಿಸಿತೆಂದರೆ ಹೆಚ್ಚಾದೀತು. ಉಳಿಸಿದವರ ನಡುವೆ ಕವಿತೆಯೂ ಇದ್ದಿತೆಂದರೆ ಸಾಕು.

ಇಷ್ಟು ಹೊಗಳಿಕೆಯ ಮೇಲೆ ದೋಷವನ್ನೂ ಹೇಳದಿದ್ದರೆ ಅದು ವಿಮರ್ಶೆಯಾಗದು. ಚಳವಳಿಯವರು ಪಾದಯಾತ್ರೆ, ಬೀದಿನಾಟಕ, ಜಾನಪದ ಕುಣಿತಗಳಿಂದ ಹಳ್ಳಿಹಳ್ಳಿಗೆ ಮಾತನ್ನು ಮುಟ್ಟಿಸಿದರು, ಅದು ಸ್ತುತ್ಯವೇ. ಆದರೆ ಚಳವಳಿಯ ಹೆಸರಿನಲ್ಲಿ ಅಲ್ಲಿಂದೀಚೆಗೆ ನಮ್ಮ ನಿಯತಕಾಲಿಕಗಳಿಗೆ ಬಂದು ಬೀಳುತ್ತಿರುವ ಪರಿಸರಗೀತಗಳಲ್ಲಿ ಬಹುಪಾಲು ಒಂದೇ ಅಚ್ಚಿನವು. ಮರವು ತಾಯಿ, ಮನುಷ್ಯನು ಕಟುಕ, ಕೊಡಲಿಯು ಯಮ, ಕಡೆಗೆ ‘ಎಚ್ಚರಗೊಳ್ಳಿರಿ’. ಯಾವ ಮರವೆಂದು ಕೇಳಿದರೆ ಹೆಸರಿಲ್ಲ. ಹೊನ್ನೆಯೋ, ಮತ್ತಿಯೋ, ನಂದಿಯೋ, ನೇರಿಲೋ ಕವಿಗೆ ತಿಳಿಯದು. ಕೊಡಲಿ ಹಿಡಿದವನ ಮನೆಯಲ್ಲಿ ಒಲೆ ಉರಿಯುತ್ತಿದೆಯೋ ಇಲ್ಲವೋ, ಅದೂ ತಿಳಿಯದು. ಹೆಸರಿಲ್ಲದ ಮರವನ್ನು ಅಪ್ಪುವದು ಕಷ್ಟ. ಮುಖವಿಲ್ಲದ ಶತ್ರುವನ್ನು ಬೈಯುವದು ಸುಲಭ, ಸುಲಭವಾದದ್ದರಿಂದಲೇ ನಿಷ್ಫಲ.

ಈ ಮಾತು ನಮಗೆ ಏಕೆ ಹತ್ತಿರವಾದದ್ದೆಂದರೆ, ನಮ್ಮ ಮುಂದೆಯೇ ಒಂದು ಪರೀಕ್ಷೆಯಿದೆ. ಹುಬ್ಬಳ್ಳಿಯಿಂದ ಅಂಕೋಲೆಗೆ ಸುಮಾರು 164 ಕಿಲೋಮೀಟರಿನ ರೈಲುಹಾದಿಯು ಆಗಬೇಕೆಂಬುದು ಈ ಭಾಗದ ಬಹುಕಾಲದ ಬೇಡಿಕೆಯು. ಹಾದಿಯಾದರೆ ಬಯಲಿನ ಸರಕು ಬಂದರಕ್ಕೆ ಬೇಗನೆ ಮುಟ್ಟೀತು, ತರುಣರಿಗೆ ಕೆಲಸ ಸಿಕ್ಕೀತು ಎಂಬ ಆಸೆಯು ಸಣ್ಣದಲ್ಲ. ಅದನ್ನು ಸ್ವಾರ್ಥವೆಂದು ತಳ್ಳಿಹಾಕುವ ಅಧಿಕಾರವು ಯಾರಿಗೂ ಇಲ್ಲ. ಆದರೆ ಅದು ಹಾಯಬೇಕಾದದ್ದು ಘಟ್ಟದ ಮಳೆಗಾಡಿನ ಎದೆಯೊಳಗಿಂದ. ನೂರಾರು ಹೆಕ್ಟೇರು ಅಡವಿಯು ಅದಕ್ಕೆ ಬಲಿಯಾಗಬೇಕಾದೀತೆಂಬ ಭಯದಿಂದ ವ್ಯಾಜ್ಯವು ನ್ಯಾಯಾಲಯಗಳನ್ನು ಕಂಡಿದೆ. ಇಲ್ಲಿ ಕಟುಕನು ಯಾರು? ಸುಳ್ಳದ ರೈತನೇ? ಹುಬ್ಬಳ್ಳಿಯ ವ್ಯಾಪಾರಿಯೇ? ಯಾರೂ ಅಲ್ಲ, ಎಲ್ಲರೂ ಹೌದು. ಅಚ್ಚಿನ ಗೀತವು ಈ ಸಂದರ್ಭದಲ್ಲಿ ಮೂಕವಾಗುವದು. ಬೇಕಾದದ್ದು ಎರಡೂ ಕಡೆಯ ಹಸಿವನ್ನು ಕೇಳಬಲ್ಲ, ಬೇಡುವ ಅಗ್ನಿಯನ್ನೂ ಓಡುವ ಸರ್ಪವನ್ನೂ ಒಟ್ಟಿಗೆ ನೋಡಬಲ್ಲ ಸಾಹಿತ್ಯವು. ಅಂಥ ಕಥೆಯನ್ನು ಬಯಲುಸೀಮೆಯವನು ಇನ್ನೂ ಬರೆದಿಲ್ಲ. ಘಟ್ಟದವರು ತಮ್ಮ ಕಾಡನ್ನು ಬರೆದರು. ಕಾಡನ್ನು ಬೇಡುವ ನಮ್ಮ ಆಸೆಯನ್ನು ನಾವೇ ಬರೆಯಬೇಕಲ್ಲವೇ?

ನಾವು ಬರಹಗಾರರೂ ಈ ವ್ಯವಹಾರದ ಹೊರಗಿನವರಲ್ಲ. ಕಾಗದವು ಬಿದಿರಿನಿಂದಲೂ ನೆಟ್ಟ ತೋಪುಗಳಿಂದಲೂ ಆಗುವದು. ಉತ್ತರ ಕನ್ನಡದ ದಾಂಡೇಲಿಯಲ್ಲಿ ಕಾಗದದ ಕಾರಖಾನೆಯು 1950ರ ದಶಕದಿಂದ ನಿಂತಿದೆ. ಪುಟ ತುಂಬಿಸುವ ಹತ್ತು ಸಡಿಲ ಗೀತಗಳಿಗಿಂತ, ಮರದ ಹೆಸರು ಬಲ್ಲ ಒಂದು ಕವಿತೆಯನ್ನು ಅಚ್ಚಿಸುವದು ಸಂಪಾದಕರಿಗೂ ಒಂದು ಬಗೆಯ ಅರಣ್ಯರಕ್ಷಣೆಯೇ. ಈ ನಿಯಮವು ನನ್ನ ಲೇಖನಕ್ಕೂ ಅನ್ವಯಿಸುವದೆಂಬ ಅರಿವು ನನಗಿದೆ.

ಸುಳ್ಳದ ಹಿರಿಯರಿಗೆ ಅಂದು ನಾನು ಉತ್ತರ ಕೊಡಲಿಲ್ಲ. ಈಗ ಕೊಡಬೇಕಾದರೆ ಇಷ್ಟನ್ನೇ ಹೇಳಿಯೇನು: ಯಜಮಾನರೇ, ಘಟ್ಟದ ಅಡವಿಯು ನಿಮ್ಮ ಮನೆಯ ತೊಲೆಯಲ್ಲಿದೆ, ಕೊಡದ ನೀರಿನಲ್ಲಿದೆ, ನಿಮ್ಮ ತಾಲೂಕಿನ ಕುಮಾರವ್ಯಾಸನ ಪುಸ್ತಕದಲ್ಲಿದೆ. ನಿಮ್ಮ ಬದುವಿನ ಮೇಲೆ ಬೇವಿನ ಗಿಡವಿಲ್ಲವೆಂದು ನೀವೇ ನೊಂದು ಹೇಳಿದಿರಿ. ಅಡವಿಯ ಸಾಹಿತ್ಯವು ಆರಂಭವಾಗುವದು ಆ ನೋವಿನಿಂದಲೇ. ಮೊದಲು ಆ ಬೇವನ್ನು ಹಚ್ಚೋಣ. ಕಳಸೆಯ ಮರವನ್ನು ಅಪ್ಪಿದವರು ಯಾರೆಂಬುದು ಅದಕ್ಕೆ ನೀರು ಹಾಕುವಾಗ ತಿಳಿದೀತು.